ಕ್ಯಾರವಾನ್ ಎಳ್ಕೊಂಡು ಡೋವರ್-ಕ್ಯಾಲೆ ದಾಟೋರಿಗೆ: ಪೋರ್ಟ್‌ನವರು ಏನು ಚೆಕ್ ಮಾಡ್ತಾರೆ, ನೀವು ಏನು ಚೆಕ್ ಮಾಡ್ಕೋಬೇಕು

ಪ್ರಶ್ನೆ: ನಾವು ಮಿಲ್ಟನ್ ಕೀನ್ಸ್‌ನಲ್ಲಿರೋ ಕನ್ನಡದವರು, ನಾನು, ನಮ್ಮ ಯಜಮಾನ್ರು, ಇಬ್ಬರು ಮಕ್ಕಳು. ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಕ್ಯಾರವಾನ್ (ಕಾರಿನ ಹಿಂದೆ ಕಟ್ಕೊಂಡು ಹೋಗೋ ಮನೆಗಾಡಿ) ತಗೊಂಡ್ವಿ, ಇಲ್ಲೇ ವೇಲ್ಸ್, ಡೆವನ್ ಕಡೆ ಸುತ್ತಾಡಿದೀವಿ. ಬರೋ ಬೇಸಿಗೆಗೆ ಮೊದಲ ಸಲ ಡೋವರ್‌ನಿಂದ ಫೆರಿಯಲ್ಲಿ ಫ್ರಾನ್ಸ್‌ಗೆ ಹೋಗೋ ಪ್ಲಾನ್ ಇದೆ, ಹಾಸನದಿಂದ ಬರೋ ನಮ್ಮ ಅತ್ತೇನೂ ಜೊತೆಗಿರ್ತಾರೆ. ಪೋರ್ಟ್‌ನಲ್ಲಿ ಕ್ಯಾರವಾನ್ ಒಳಗೆಲ್ಲ ಬಿಚ್ಚಿ ನೋಡ್ತಾರಾ? ಗ್ಯಾಸ್ ಸಿಲಿಂಡರ್ ಬಿಡ್ತಾರಾ? ಅಡುಗೆ ಸಾಮಾನು ತಗೊಂಡು ಹೋಗಬಹುದಾ? ವಾಪಸ್ ಬರುವಾಗ ಕದ್ದು ಬ್ರಿಟನ್ ಸೇರೋಕೆ ಅಂತ ಗಾಡಿಯಲ್ಲಿ ಯಾರಾದ್ರೂ ಅಡಗಿ ಕೂತಿದ್ರೆ ನಮಗೇ ಸಾವಿರಾರು ಪೌಂಡ್ ದಂಡ ಹಾಕ್ತಾರೆ ಅಂತ ಫ್ರೆಂಡ್ ಒಬ್ಬರು ಹೇಳಿದ್ರು, ನಿಜಾನಾ?

ಉತ್ತರ: ನಿಮ್ಮ ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಗ್ಯಾಸ್, ಅಡುಗೆ ಸಾಮಾನು ಇದ್ರಲ್ಲೆಲ್ಲ ಎಡವಟ್ಟಾದ್ರೆ ಒಂದು ಡಬ್ಬ ತುಪ್ಪ ಹೋಗತ್ತೆ, ಹೆಚ್ಚಂದ್ರೆ ಒಂದು ಫೆರಿ ಮಿಸ್ ಆಗತ್ತೆ, ಆದ್ರೆ ನಿಮ್ಮ ಫ್ರೆಂಡ್ ಹೇಳಿದ್ದು ಅಷ್ಟು ಸಣ್ಣ ವಿಷಯ ಅಲ್ಲ ಮತ್ತು ಅವರು ಹೇಳಿದ್ದು ನಿಜ. ಬ್ರಿಟನ್ನಿನ 1999ರ ಇಮಿಗ್ರೇಶನ್ ಅಂಡ್ ಅಸೈಲಂ ಕಾಯ್ದೆಯಲ್ಲೇ ಈ ದಂಡದ ವ್ಯವಸ್ಥೆ ಇದೆ, ಮೊದಲು ಒಬ್ಬ ವ್ಯಕ್ತಿ ಸಿಕ್ಕಿದ್ರೆ ಗರಿಷ್ಠ 2,000 ಪೌಂಡ್ ಅಂತ ಇತ್ತು, 2023ರ ಫೆಬ್ರವರಿ 13ರಿಂದ ಅದನ್ನ 10,000 ಪೌಂಡ್‌ಗೆ ಏರಿಸಿದ್ರು. ಇದು ಲಾರಿಯವರಿಗೆ ಮಾತ್ರ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಹಾಗಲ್ಲ, ಕಾರು, ವ್ಯಾನು, ಮೋಟರ್‌ಹೋಮ್ (ಒಳಗೇ ಮನೆ ಇರೋ, ತಾನೇ ಓಡೋ ಗಾಡಿ), ಕಾರಿನ ಹಿಂದೆ ಕಟ್ಟಿದ ಕ್ಯಾರವಾನ್ ಎಲ್ಲದಕ್ಕೂ ಅನ್ವಯ ಆಗತ್ತೆ. "ಅವರು ಒಳಗಿದ್ದಿದ್ದು ನಮಗೆ ಗೊತ್ತೇ ಇರ್ಲಿಲ್ಲ" ಅನ್ನೋದು ಇಲ್ಲಿ ನಡೆಯೋ ಮಾತಲ್ಲ, ಯಾಕಂದ್ರೆ ನೀವು ಬೇಕಂತ ಕರ್ಕೊಂಡು ಬಂದ್ರಿ ಅಂತ ಅವರೂ ಹೇಳ್ತಿಲ್ಲ, ಗಾಡಿಯನ್ನ ಸರಿಯಾಗಿ ಭದ್ರ ಮಾಡಿ ಚೆಕ್ ಮಾಡ್ಲಿಲ್ಲ ಅನ್ನೋದಕ್ಕೇ ದಂಡ.

2024ರ ಅಕ್ಟೋಬರ್‌ನಲ್ಲಿ ಎಸೆಕ್ಸ್‌ನ ಒಂದು ದಂಪತಿಗೆ ಆಗಿದ್ದು ಪೇಪರ್‌ಗಳಲ್ಲೆಲ್ಲ ಬಂದಿತ್ತು. ಫ್ರಾನ್ಸ್ ಟ್ರಿಪ್ ಮುಗಿಸಿ ಮೋಟರ್‌ಹೋಮ್‌ನಲ್ಲಿ ಮನೆಗೆ ಬಂದು, ಹಿಂದಿನ ಸೈಕಲ್ ರ‍್ಯಾಕ್‌ಗೆ ಹಾಕಿದ್ದ ಕವರ್ ಜಿಪ್ ತೆಗೆದ್ರೆ ಒಳಗೆ ಒಬ್ಬ ಹುಡುಗ. ಅವರೇ ಪೊಲೀಸರಿಗೆ ಫೋನ್ ಮಾಡಿ ಹೇಳಿದ್ರು, ಆಮೇಲೂ 1,500 ಪೌಂಡ್ ದಂಡದ ನೋಟಿಸ್ ಬಂತು. ಅವರು ಆಕ್ಷೇಪಣೆ ಹಾಕಿದ ಮೇಲೆ 2025ರಲ್ಲಿ ಅದನ್ನ ರದ್ದು ಮಾಡಿದ್ರು. ಹಾಗಂತ ಎಲ್ಲರದ್ದೂ ರದ್ದಾಗತ್ತೆ ಅಂತ ನಂಬ್ಕೊಂಡು ಕೂರೋಕಾಗಲ್ಲ. ನನ್ನ ಪ್ರಕಾರ ಪ್ರಾಮಾಣಿಕವಾಗಿ ಫೋನ್ ಮಾಡಿ ಹೇಳಿದವರಿಗೆ ದಂಡ ಹಾಕೋದು ತಪ್ಪು, ಮುಂದೆ ಬೇರೆಯವರು ಹೇಳೋದಕ್ಕೇ ಹೆದರ್ತಾರೆ, ಆದ್ರೆ ಕಾನೂನು ಸದ್ಯಕ್ಕೆ ಇರೋದು ಹೀಗೆ.

ಈಗ ಹೋಗೋ ದಾರಿ ನೋಡೋಣ. ಡೋವರ್-ಕ್ಯಾಲೆ ರೂಟ್‌ನಲ್ಲಿ ಒಂದು ವಿಶೇಷ ಇದೆ, ಫ್ರಾನ್ಸಿನ ಪಾಸ್‌ಪೋರ್ಟ್ ಚೆಕ್ ಆಗೋದು ಡೋವರ್‌ನಲ್ಲೇ, ಬ್ರಿಟನ್ನಿನ ಚೆಕ್ ಆಗೋದು ಕ್ಯಾಲೆಯಲ್ಲೇ. 2003ರ ಫೆಬ್ರವರಿಯಲ್ಲಿ ಲೆ ಟೂಕೆ ಅನ್ನೋ ಊರಲ್ಲಿ ಎರಡು ದೇಶದವರು ಮಾಡ್ಕೊಂಡ ಒಪ್ಪಂದದಿಂದ ಈ ಪದ್ಧತಿ ಬಂತು, ಇನ್ನೊಂದು ಫ್ರೆಂಚ್ ಬಂದರು ಡಂಕರ್ಕ್‌ಗೂ ಇದೇ ವ್ಯವಸ್ಥೆ. ಹಾಗಾಗಿ ಡೋವರ್‌ನ ಈಸ್ಟರ್ನ್ ಡಾಕ್ಸ್ ಒಳಗೆ ಹೋದ್ರೆ ಮೊದಲು ಸಿಗೋದೇ ಫ್ರೆಂಚ್ ಬಾರ್ಡರ್ ಪೊಲೀಸರ ಬೂತ್, ಆಮೇಲೆ ಪೋರ್ಟ್‌ನ ಸೆಕ್ಯೂರಿಟಿ ಚೆಕ್, ಅದಾದ್ಮೇಲೆ ಫೆರಿ ಕಂಪನಿ ಚೆಕ್-ಇನ್, ಕೊನೆಗೆ ಲೇನ್‌ನಲ್ಲಿ ಕಾಯೋದು. ಫ್ರೆಂಚ್ ಬೂತ್ ದಾಟೋದಕ್ಕೇ ರಶ್ ಇದ್ದಾಗ ಗಂಟೆಗಟ್ಟಲೆ ಆಗಬಹುದು. 2022ರ ಜುಲೈನಲ್ಲಿ ಸ್ಕೂಲ್ ರಜೆ ಶುರುವಾದ ವೀಕೆಂಡ್‌ನಲ್ಲಿ ಡೋವರ್‌ನಲ್ಲಿ ತುರ್ತು ಪರಿಸ್ಥಿತಿ ಅಂತಲೇ ಘೋಷಣೆ ಮಾಡಬೇಕಾಗಿ ಬಂದಿತ್ತು, ಆದ್ರಿಂದ ರಜೆಯ ಮೊದಲ ಶುಕ್ರವಾರ ಶನಿವಾರ ಬುಕ್ ಮಾಡ್ಬೇಡಿ, ಮಂಗಳವಾರ ಬುಧವಾರ ನೋಡಿ.

ನಿಮ್ಮ ಮನೇಲಿ ಯಾರದ್ದು ಯಾವ ಪಾಸ್‌ಪೋರ್ಟ್ ಅಂತ ಬರೆದಿಲ್ಲ, ಹಾಗಾಗಿ ಎರಡೂ ಹೇಳ್ತೀನಿ. ಬ್ರಿಟಿಷ್ ಪಾಸ್‌ಪೋರ್ಟ್ ಆದ್ರೆ ಅದು ಇಶ್ಯೂ ಆಗಿ ಫ್ರಾನ್ಸ್‌ಗೆ ಕಾಲಿಡೋ ದಿನಕ್ಕೆ ಹತ್ತು ವರ್ಷ ದಾಟಿರಬಾರದು, ಯುರೋಪ್ ಬಿಡೋ ದಿನದಿಂದ ಮುಂದಕ್ಕೆ ಇನ್ನೂ ಮೂರು ತಿಂಗಳು ವ್ಯಾಲಿಡಿಟಿ ಇರಬೇಕು. ಇಂಡಿಯನ್ ಪಾಸ್‌ಪೋರ್ಟ್ ಆದ್ರೆ ಶೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕೇ ಬೇಕು, ಯುಕೆಯಲ್ಲಿ ಐಎಲ್ಆರ್ (ಕಾಯಂ ಆಗಿ ಇರೋ ಅನುಮತಿ) ಇದ್ರೂ ಬೇಕು. ಯುಕೆಯಲ್ಲಿ ಇರೋ ಅನುಮತಿ ತೋರಿಸೋ ಹಳೇ ಬಿಆರ್‌ಪಿ ಕಾರ್ಡ್‌ಗಳ ಕಾಲ 2024ರ ಕೊನೆಗೇ ಮುಗೀತು, ಈಗ ಎಲ್ಲ ಇ-ವೀಸಾ, ಈ ನಡುವೆ ಪಾಸ್‌ಪೋರ್ಟ್ ರಿನ್ಯೂ ಮಾಡಿಸಿದ್ರೆ ಹೊಸ ನಂಬರ್‌ನ ಯುಕೆವಿಐ (ಬ್ರಿಟನ್ನಿನ ವೀಸಾ ಇಲಾಖೆ) ಆನ್‌ಲೈನ್ ಅಕೌಂಟ್‌ಗೆ ಸೇರಿಸಿದೀರಾ ಅಂತ ಹೊರಡೋ ಮುಂಚೆನೇ ನೋಡ್ಕೊಳ್ಳಿ, ಇಲ್ಲಾಂದ್ರೆ ವಾಪಸ್ ಬರುವಾಗ ಕ್ಯಾಲೆಯಲ್ಲಿ ಪಕ್ಕಕ್ಕೆ ನಿಲ್ಲಿಸ್ತಾರೆ, ಹಿಂದೆ ಕ್ಯಾರವಾನ್ ಇದ್ದಾಗ ಪಕ್ಕಕ್ಕೆ ನಿಲ್ಲೋದೂ ಒಂದು ಕೆಲಸವೇ. ಅತ್ತೆಯವರಿಗೆ ಶೆಂಗೆನ್ ವೀಸಾನ ಊರಿಂದ ಹೊರಡೋ ಮುಂಚೆ ಇಂಡಿಯಾದಲ್ಲೇ ಮಾಡಿಸಿಬಿಡಿ, ಜೊತೆಗೆ ಅವರ ಯುಕೆ ವೀಸಾ ಎರಡನೇ ಸಲ ಒಳಗೆ ಬರೋಕೆ ಬಿಡತ್ತಾ ಅಂತಾನೂ ಖಾತ್ರಿ ಮಾಡ್ಕೊಳ್ಳಿ. 2025ರ ಅಕ್ಟೋಬರ್ 12ರಿಂದ ಯುರೋಪಿನ ಹೊಸ ಎಂಟ್ರಿ-ಎಕ್ಸಿಟ್ ವ್ಯವಸ್ಥೆ ಹಂತಹಂತವಾಗಿ ಶುರುವಾಗಿದೆ, ಸ್ಟ್ಯಾಂಪ್ ಬದಲು ಫೋಟೊ, ಬೆರಳಚ್ಚು. ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ, ಫೋಟೊ ಮಾತ್ರ.

ಕ್ಯಾರವಾನ್ ಕಾಗದದ ಬಗ್ಗೆ ಒಂದು ಮಾತು. ಕಾರಿಗೆ ವಿ5ಸಿ ಲಾಗ್‌ಬುಕ್ (ನಮ್ಮೂರ ಆರ್‌ಸಿ ಇದ್ದ ಹಾಗೆ) ಇರತ್ತೆ, ಕ್ಯಾರವಾನ್‌ಗೆ ಹಂಗೆ ಸರ್ಕಾರದ ಲಾಗ್‌ಬುಕ್ ಇರಲ್ಲ, ಸೆಕೆಂಡ್ ಹ್ಯಾಂಡ್ ಬೇರೆ, ಕದ್ದ ಕ್ಯಾರವಾನ್‌ಗಳು ಇಂಗ್ಲಿಷ್ ಚಾನೆಲ್ ಕಡಲು ದಾಟೋದು ಉಂಟು. ಅದಕ್ಕೆ ಕೊಂಡಾಗ ಕೊಟ್ಟ ರಸೀದಿ, ಚಾಸಿ ನಂಬರ್ ಇರೋ ಕ್ರಿಸ್ (CRiS, ಕ್ಯಾರವಾನ್‌ಗಳ ನೋಂದಣಿ ವ್ಯವಸ್ಥೆ) ಕಾಗದ, ಇನ್ಶೂರೆನ್ಸ್ ಮೂರೂ ಒಂದು ಫೈಲ್‌ನಲ್ಲಿ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ. ಕ್ಯಾರವಾನ್ ಹಿಂಭಾಗದಲ್ಲಿ ಹಳೇ ಜಿಬಿ ಸ್ಟಿಕ್ಕರ್ ಇದ್ರೆ ಕಿತ್ತು ಯುಕೆ ಅಂತ ಇರೋದು ಅಂಟಿಸಿ, 2021ರ ಸೆಪ್ಟೆಂಬರ್‌ನಿಂದ ಅದೇ ನಡೆಯೋದು.

ಇನ್ನು ಒಳಗೆಲ್ಲ ಬಿಚ್ಚಿ ನೋಡ್ತಾರಾ ಅಂತ ಕೇಳಿದೀರಿ. ಎಲ್ಲರದ್ದೂ ನೋಡಲ್ಲ, ನಡುನಡುವೆ ಕೆಲವು ಗಾಡಿಗಳನ್ನ ಶೆಡ್ಡಿಗೆ ತಿರುಗಿಸ್ತಾರೆ, ಕ್ಯಾರವಾನ್ ಇದ್ರೆ ಆ ಸಾಧ್ಯತೆ ಇದೆ ಅಂದ್ಕೊಂಡೇ ಹೋಗಿ. 2004ರ ಜುಲೈ 1ರಿಂದ ಹಡಗು, ಬಂದರುಗಳ ಭದ್ರತೆಗೆ ಐಎಸ್‌ಪಿಎಸ್ ಅನ್ನೋ ಅಂತರರಾಷ್ಟ್ರೀಯ ನಿಯಮ ಜಾರಿಗೆ ಬಂತು, ಹಡಗು ಹತ್ತೋ ಮುಂಚೆ ಜನರನ್ನೂ ಗಾಡಿಗಳನ್ನೂ ತಪಾಸಣೆ ಮಾಡೋದು ಅದರ ಭಾಗ. ಸಾಮಾನ್ಯವಾಗಿ ಬಾಗಿಲು ತೆಗೆಸ್ತಾರೆ, ಒಳಗೆ ಒಂದು ಹೆಜ್ಜೆ ಇಟ್ಟು ಕಣ್ಣು ಹಾಯಿಸ್ತಾರೆ, ಬಾತ್‌ರೂಮ್ ಬಾಗಿಲು, ವಾರ್ಡ್‌ರೋಬ್, ಸೀಟಿನ ಕೆಳಗಿನ ಪೆಟ್ಟಿಗೆ ನೋಡ್ತಾರೆ, ಮುಂದಿನ ಗ್ಯಾಸ್ ಲಾಕರ್ ತೆಗೆಸ್ತಾರೆ, ಕೆಲವು ಸಲ ನಾಯಿ ಬಿಡ್ತಾರೆ. ನಿಮ್ಮ ಕಡೆಯಿಂದ ಎಲ್ಲ ತಯಾರಿದ್ರೆ ಎರಡು ಮೂರು ನಿಮಿಷದ ಕೆಲಸ. ಊರಿಂದ ಬರುವಾಗ ಸೂಟ್‌ಕೇಸ್ ಮೇಲೆ ಕೂತು ಜಿಪ್ ಹಾಕ್ತೀವಲ್ಲ ಹಂಗೆ ಕ್ಯಾರವಾನ್ ತುಂಬಿದ್ರೆ ಮಾತ್ರ ಆಫೀಸರ್‌ಗೆ ಬೇರೆ ದಾರಿ ಇರಲ್ಲ, ಒಂದೊಂದೇ ಇಳಿಸಿ ಅಂತಾರೆ. ನಡುವಿನ ಓಡಾಡೋ ಜಾಗ ಖಾಲಿ ಬಿಡಿ, ಸೀಟ್ ಪೆಟ್ಟಿಗೆಗಳ ಮೇಲೆ ಭಾರದ ಸಾಮಾನು ಹೇರಬೇಡಿ, ಕಿಟಕಿ ಬ್ಲೈಂಡ್‌ಗಳನ್ನ ತೆಗೆದಿಡಿ, ಹೊರಗಿಂದಲೇ ಒಳಗೆ ಕಾಣೋ ಕ್ಯಾರವಾನ್‌ಗೆ ಅರ್ಧ ಚೆಕ್ ಅಲ್ಲೇ ಮುಗಿಯತ್ತೆ. ಬೀಗದ ಕೈಗಳೆಲ್ಲ ಒಂದೇ ಗೊಂಚಲಲ್ಲಿ ಡ್ರೈವರ್ ಹತ್ರ ಇರಲಿ.

ಪೊಲೀಸರು ನಿಲ್ಲಿಸಿ ಎಲ್ಲಿಗೆ, ಯಾಕೆ ಅಂತ ಕೇಳಿದ್ರೆ ಗಾಬರಿ ಬೀಳ್ಬೇಡಿ. 2000ದ ಟೆರರಿಸಂ ಕಾಯ್ದೆಯ 7ನೇ ಶೆಡ್ಯೂಲ್ ಪ್ರಕಾರ ಬಂದರಿನಲ್ಲಿ ಅವರು ಯಾರನ್ನ ಬೇಕಾದ್ರೂ ನಿರ್ದಿಷ್ಟ ಅನುಮಾನ ಇಲ್ಲದೇನೂ ನಿಲ್ಲಿಸಿ ಪ್ರಶ್ನೆ ಕೇಳಬಹುದು, ಗರಿಷ್ಠ ಆರು ಗಂಟೆ, ಒಂದು ಗಂಟೆ ಮೀರಿದ್ರೆ ಔಪಚಾರಿಕವಾಗಿ ವಶಕ್ಕೆ ತಗೋಬೇಕು. ನಮ್ಮ ಬಣ್ಣ ನೋಡಿ ನಿಲ್ಲಿಸಿದ್ರಾ ಅಂತ ಬೇಜಾರಾಗೋದು ಸಹಜ, ಆ ಬೇಜಾರಿಗೆ ಕಾರಣ ಇಲ್ಲ ಅಂತ ನಾನು ಹೇಳಲ್ಲ. ಯಾವ ಕಾನೂನಿನಡಿ ನಿಲ್ಲಿಸಿದೀರಿ ಅಂತ ಮರ್ಯಾದೆಯಿಂದ ಕೇಳೋ ಹಕ್ಕು ನಿಮಗಿದೆ, ಕೇಳಿ.

ಅಡುಗೆಮನೆ ಚಾಕು, ಈಳಿಗೆ ಮಣೆ, ತುರಿಮಣೆ ಇವನ್ನೆಲ್ಲ ಕ್ಯಾರವಾನ್ ಡ್ರಾಯರ್‌ನಲ್ಲಿ ಸುತ್ತಿಡಿ, ಕಾರಿನಲ್ಲಾಗಲಿ ಫೆರಿ ಮೇಲೆ ಒಯ್ಯೋ ಬ್ಯಾಗಿನಲ್ಲಾಗಲಿ ಇರಬಾರದು. ಕೇಳಿದ್ರೆ ಇದೆ ಅಂತ ನೇರ ಹೇಳಿ. ಈಳಿಗೆ ಮಣೆ ನೋಡದೇ ಇರೋರಿಗೆ ಅದು ಏನೋ ಭಯಂಕರ ಆಯುಧದ ಹಾಗೆ ಕಾಣತ್ತೆ, ತರಕಾರಿ ಹೆಚ್ಚೋದು ಅಂತ ಮೊದಲೇ ಹೇಳಿಬಿಟ್ರೆ ಒಳ್ಳೇದು. ಪೆಪ್ಪರ್ ಸ್ಪ್ರೇ ಮಾತ್ರ ಬೇಡವೇ ಬೇಡ, ಊರಲ್ಲಿ ಹೆಣ್ಮಕ್ಕಳ ಬ್ಯಾಗಲ್ಲಿ ಇರೋದು ಮಾಮೂಲು ಆದ್ರೆ ಬ್ರಿಟನ್‌ನಲ್ಲಿ ಅದು ನಿಷೇಧಿತ ಆಯುಧ. ಅತ್ತೆಯವರ ಬ್ಯಾಗನ್ನೂ ಒಂದು ಸಲ ನೋಡಿಬಿಡಿ, ಅವರ ಬಿಪಿ ಶುಗರ್ ಮಾತ್ರೆಗಳ ಜೊತೆ ಡಾಕ್ಟರ್ ಚೀಟಿ ಇರಲಿ.

ಗ್ಯಾಸ್ ವಿಷಯ ಸ್ವಲ್ಪ ವಿವರವಾಗೇ ಹೇಳ್ಬೇಕು, ಯಾಕಂದ್ರೆ ಇದು ಬರೀ ನಿಯಮದ ಪ್ರಶ್ನೆ ಅಲ್ಲ, ಹಡಗಿನ ಮುಚ್ಚಿದ ಡೆಕ್‌ನಲ್ಲಿ ನೂರಾರು ಗಾಡಿಗಳು ಒತ್ತೊತ್ತಾಗಿ ನಿಂತಿರ್ತಾವೆ, ಅಲ್ಲಿ ಬೆಂಕಿ ಅಂದ್ರೆ ಮೇಲಿರೋ ಎಲ್ಲರ ಜೀವದ ಪ್ರಶ್ನೆ. ಕ್ಯಾರವಾನ್ ಅಡುಗೆಗೆ, ಹೀಟಿಂಗ್‌ಗೆ ಅಂತ ಇರೋ ಸಿಲಿಂಡರ್‌ನ ಫೆರಿಯವರು ಬಿಡ್ತಾರೆ. ಎಷ್ಟು ಸಿಲಿಂಡರ್, ಎಷ್ಟು ಕೆಜಿ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ, ಬುಕಿಂಗ್ ಮಾಡೋವಾಗ್ಲೇ ಗ್ಯಾಸ್ ಇದೆ ಅಂತ ಹೇಳಿ ಕೇಳ್ಕೊಳ್ಳಿ. ಮುಂದೆ ಯಾವಾಗಾದ್ರೂ ಸಮುದ್ರದ ಕೆಳಗಿನ ಸುರಂಗದಲ್ಲಿ ಗಾಡಿ ಹೊತ್ಕೊಂಡು ಹೋಗೋ ರೈಲಲ್ಲಿ ಹೋಗೋ ಮನಸ್ಸಾದ್ರೆ ಅಲ್ಲಿ ಒಂದು ಸಿಲಿಂಡರ್‌ಗೆ 47 ಕೆಜಿ, ಒಂದಕ್ಕಿಂತ ಜಾಸ್ತಿ ಇದ್ರೆ ಒಟ್ಟು 50 ಕೆಜಿ ಮಿತಿ, ನಿಮ್ಮ ಕ್ಯಾರವಾನ್‌ನಲ್ಲಿ ಇರಬಹುದಾದ 6 ಕೆಜಿಯ ಎರಡು ಪ್ರೊಪೇನ್ ಸಿಲಿಂಡರ್‌ಗಳು ಅದರ ಹತ್ರಕ್ಕೂ ಬರಲ್ಲ, ಆದ್ರೆ ಎಂಜಿನ್ನೇ ಎಲ್‌ಪಿಜಿಯಲ್ಲಿ ಓಡೋ ಗಾಡಿನ ಅಲ್ಲಿ ಬಿಡೋದೇ ಇಲ್ಲ.

ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಲಾಕರ್ ಒಳಗೆ ಬೆಲ್ಟ್ ಕಟ್ಟಿರಬೇಕು, ಮತ್ತು ವಾಲ್ವ್ ಮುಚ್ಚಿರಬೇಕು. ಈ ವಾಲ್ವ್ ಅಂದಾಗ ಸ್ಟವ್ ಆಫ್ ಇದೆ ಸಾಕು ಅಂದ್ಕೋಬೇಡಿ. ಎಷ್ಟೋ ಕ್ಯಾರವಾನ್‌ಗಳಲ್ಲಿ ಆಟೊಮ್ಯಾಟಿಕ್ ಫ್ರಿಜ್ ಇರತ್ತೆ, ಗಾಡಿ ಓಡ್ತಿರುವಾಗ ಕಾರಿನ 12 ವೋಲ್ಟ್‌ನಲ್ಲಿ ನಡೆಯತ್ತೆ, ಎಂಜಿನ್ ಆಫ್ ಆಗಿ ಸ್ವಲ್ಪ ಹೊತ್ತಾದ್ಮೇಲೆ ತಾನಾಗೇ ಗ್ಯಾಸ್‌ಗೆ ಹೋಗಿ ಬರ್ನರ್ ಹೊತ್ಕೊಳತ್ತೆ. ಅಂದ್ರೆ ನೀವು ಡೆಕ್‌ನಲ್ಲಿ ಗಾಡಿ ನಿಲ್ಲಿಸಿ ಮೇಲೆ ಹೋಗಿ ಕಾಫಿ ಕುಡೀತಿರುವಾಗ ಕೆಳಗೆ ಕ್ಯಾರವಾನ್‌ನಲ್ಲಿ ಒಂದು ಸಣ್ಣ ಉರಿ ಹೊತ್ತಿರತ್ತೆ! ಆದ್ರಿಂದ ಫ್ರಿಜ್‌ನ ಬಟನ್ ನಂಬ್ಕೊಂಡು ಕೂರದೆ ಸಿಲಿಂಡರ್ ಮೇಲಿನ ವಾಲ್ವನ್ನೇ ಕೈಯಾರೆ ತಿರುಗಿಸಿ ಮುಚ್ಚಿ, ಅದೂ ಪೋರ್ಟ್‌ಗೆ ಹೋಗೋ ಮುಂಚಿನ ಸ್ಟಾಪ್‌ನಲ್ಲೇ. ಕ್ಯಾಲೆಗೆ ಒಂದೂವರೆ ಗಂಟೆ, ಡಂಕರ್ಕ್‌ಗೆ ಎರಡು ಗಂಟೆ, ಅಷ್ಟರಲ್ಲಿ ಫ್ರಿಜ್ ಒಳಗಿರೋದು ಏನೂ ಹಾಳಾಗಲ್ಲ. ಕ್ಯಾರವಾನ್ ಅಲಾರಂ ಇದ್ರೆ ಅದರ ಮೋಶನ್ ಸೆನ್ಸರ್ ಆಫ್ ಮಾಡಿ, ಹಡಗು ಅಲ್ಲಾಡಿದ್ರೆ ಸಾಕು ಕೂಗೋಕೆ ಶುರು ಮಾಡತ್ತೆ. ಕ್ಯಾನ್‌ನಲ್ಲಿ ಪೆಟ್ರೋಲ್ ತುಂಬ್ಕೊಂಡು ಹೋಗಲೇಬೇಡಿ.

ಸಿಲಿಂಡರ್ ಖಾಲಿಯಾದ್ರೆ ಫ್ರಾನ್ಸಿನಲ್ಲಿ ಬ್ರಿಟಿಷ್ ಕಂಪನಿಯ ಸಿಲಿಂಡರ್ ಬದಲಾಯಿಸಿಕೊಡೋರು ಸಿಗಲ್ಲ, ಹೋಗುವಾಗ್ಲೇ ತುಂಬಿರೋದು ತಗೊಂಡ್ಹೋಗಿ.

ಅಡುಗೆ ಸಾಮಾನು. 2021ರ ಜನವರಿ 1ರಿಂದ ಬ್ರಿಟನ್‌ನಿಂದ ಯುರೋಪ್ ಒಳಗೆ ಮಾಂಸ, ಹಾಲು ಮತ್ತು ಅದರ ಪದಾರ್ಥ ಒಯ್ಯೋ ಹಾಗಿಲ್ಲ. ಆ ತಿಂಗಳೇ ನೆದರ್‌ಲ್ಯಾಂಡ್ಸ್‌ನ ಹುಕ್ ಆಫ್ ಹಾಲೆಂಡ್ ಬಂದರಿನಲ್ಲಿ ಲಾರಿ ಡ್ರೈವರ್‌ಗಳ ಸ್ಯಾಂಡ್‌ವಿಚ್ ಕಿತ್ಕೊಂಡಿದ್ದು ಟಿವಿಯಲ್ಲೆಲ್ಲ ಬಂದಿತ್ತು. ನಮ್ಮ ಮನೆಗಳ ಲೆಕ್ಕದಲ್ಲಿ ಹೇಳೋದಾದ್ರೆ ಹಾಲು, ಮೊಸರು, ಬೆಣ್ಣೆ, ಪನೀರ್, ತುಪ್ಪ ಎಲ್ಲ ಬಂತು. ಮಕ್ಕಳಿಗೆ ಬೇಕಾದ ಬೇಬಿ ಮಿಲ್ಕ್ ಪೌಡರ್‌ಗೆ ಮಾತ್ರ 2 ಕೆಜಿವರೆಗೆ ವಿನಾಯಿತಿ ಇದೆ. ಹಸಿ ಹಣ್ಣು, ತರಕಾರಿ, ಸೊಪ್ಪಿಗೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ (ರೋಗ, ಕೀಟ ಇಲ್ಲ ಅನ್ನೋ ಸರ್ಕಾರಿ ಪತ್ರ) ಬೇಕು, ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡೂರಿಯನ್ ಇವಕ್ಕೆ ಬೇಡ. ಅಂದ್ರೆ ಕಾಯಿ ಒಯ್ಯಬಹುದು, ಕರಿಬೇವು, ಕೊತ್ತಂಬರಿ ಸೊಪ್ಪು ಒಯ್ಯೋ ಹಾಗಿಲ್ಲ. ಕರಿಬೇವಿನ ಬಗ್ಗೆ ಸ್ಪೆಷಲ್ ಆಗಿ ಕಟ್ಟುನಿಟ್ಟಾಗಿರ್ತಾರೆ, ಕಿತ್ತಳೆ ನಿಂಬೆ ತೋಟ ನಾಶ ಮಾಡೋ ರೋಗ ಹರಡೋ ಕೀಟ ಆ ಎಲೆಯಲ್ಲಿ ಬರತ್ತೆ. ಸಾಂಬಾರ್ ಪುಡಿ, ಚಟ್ನಿ ಪುಡಿ, ಬಿಸ್ಕತ್ತು, ಬ್ರೆಡ್ಡು ಇವಕ್ಕೆ ತೊಂದರೆ ಇಲ್ಲ, ಹಾಲು ಮೊಸರು ತರಕಾರಿ ಕ್ಯಾಲೆ ಹತ್ರ ಯಾವ ಸೂಪರ್ ಮಾರ್ಕೆಟ್‌ನಲ್ಲಾದ್ರೂ ಸಿಗತ್ತೆ. ವಾಪಸ್ ಬರುವಾಗ್ಲೂ ಹುಷಾರು, ಕಾಲುಬಾಯಿ ರೋಗದ ಕಾರಣಕ್ಕೆ 2025ರ ಏಪ್ರಿಲ್ 12ರಿಂದ ಬ್ರಿಟನ್ ಕೂಡ ಯುರೋಪಿನ ಚೀಸು, ಹಾಲಿನ ಪದಾರ್ಥ, ದನ ಕುರಿ ಮೇಕೆ ಹಂದಿ ಮಾಂಸ ತರೋದನ್ನ ನಿಲ್ಲಿಸಿದೆ, ಹೊರಡೋ ವಾರದಲ್ಲಿ ಸರ್ಕಾರಿ ಸೈಟ್ ನೋಡಿ ಅದು ಹಾಗೇ ಇದೆಯಾ ಅಂತ ತಿಳ್ಕೊಳ್ಳಿ. ಕ್ಯಾರವಾನ್ ಫ್ರಿಜ್ ತೆಗೆದು ನೋಡೋದು ಅವರಿಗೆ ಕಷ್ಟದ ಕೆಲಸ ಅಲ್ಲ.

ಈಗ ವಾಪಸ್ ಬರೋ ದಾರಿ, ಇಡೀ ಉತ್ತರದಲ್ಲಿ ಇದನ್ನ ಮಾತ್ರ ಎರಡು ಸಲ ಓದಿ. ಅಡಗೋರು ಗಾಡಿ ಹತ್ತೋದು ಪೋರ್ಟ್ ಒಳಗೆ ಅಂತ ಜನ ಅಂದ್ಕೊಂಡಿರ್ತಾರೆ. ಪೋರ್ಟ್ ಸುತ್ತ ಬೇಲಿ, ಕ್ಯಾಮರಾ, ಪೊಲೀಸ್ ಇರೋದ್ರಿಂದ ಅದಕ್ಕಿಂತ ಮುಂಚೆ ನೀವು ಎಲ್ಲೆಲ್ಲಿ ನಿಲ್ತೀರೋ ಅಲ್ಲೇ ಅಪಾಯ ಜಾಸ್ತಿ: ಹೈವೇ ಸರ್ವಿಸ್ ಸ್ಟೇಷನ್, ಪೆಟ್ರೋಲ್ ಬಂಕ್, ಸೂಪರ್ ಮಾರ್ಕೆಟ್ ಪಾರ್ಕಿಂಗ್. ನೀವು ಎ26 ಹೈವೇಯಲ್ಲಿ ಬರೋದಾದ್ರೆ ಅರಾಸ್ ಆಸುಪಾಸಿನಲ್ಲೇ ಪೆಟ್ರೋಲ್, ಊಟ, ಟಾಯ್ಲೆಟ್ ಎಲ್ಲ ಮುಗಿಸ್ಕೊಳ್ಳಿ, ಅಲ್ಲಿಂದ ಕ್ಯಾಲೆಗೆ ನೂರು ಕಿಲೋಮೀಟರ್ ಚಿಲ್ಲರೆ, ನಡುವೆ ಎಲ್ಲೂ ನಿಲ್ಲಿಸಬೇಡಿ. ನಿಲ್ಲಲೇಬೇಕಾಗಿ ಬಂದ್ರೆ ಒಬ್ಬರು ಗಾಡಿ ಹತ್ರ ಇರಿ. ಕೊನೇ ರಾತ್ರಿ ಕ್ಯಾಲೆ ಹತ್ರದ ಕ್ಯಾಂಪ್‌ಸೈಟ್‌ನಲ್ಲಿ ತಂಗೋದಾದ್ರೆ ಬೆಳಿಗ್ಗೆ ಹೊರಡೋ ಮುಂಚೆ ಪೂರ್ತಿ ಚೆಕ್ ಮಾಡದೆ ಗಾಡಿ ಅಲುಗಿಸಬೇಡಿ.

ಚೆಕ್ ಅಂದ್ರೆ ಬಾಗಿಲು ಬೀಗ ಹಾಕಿದೆ ಅಂತ ನೋಡೋದಲ್ಲ. ಒಬ್ಬ ಸಣಕಲು ಹುಡುಗ ಮುದುರಿಕೊಂಡ್ರೆ ಎಲ್ಲಿ ಹಿಡೀತಾನೆ ಅನ್ನೋ ಕಣ್ಣಿಂದ ನೋಡಬೇಕು. ಮುಂದಿನ ಗ್ಯಾಸ್ ಲಾಕರ್, ಅದರ ಬೀಗ ಎಷ್ಟೋ ಕ್ಯಾರವಾನ್‌ಗಳಲ್ಲಿ ಹೆಸರಿಗೆ ಮಾತ್ರ ಇರತ್ತೆ. ಹೊರಗಿಂದ ತೆಗೆಯೋ ಬೆಡ್ ಪೆಟ್ಟಿಗೆಯ ಸಣ್ಣ ಬಾಗಿಲು. ಒಳಗೆ ಬಾತ್‌ರೂಮು, ವಾರ್ಡ್‌ರೋಬು, ಸೀಟುಗಳ ಕೆಳಗೆ. ಹೊರಗೆ ಆನಿಂಗ್ (ಬಿಸಿಲು ಮಳೆಗೆ ಚಾಚೋ ಪರದೆ), ಸೈಕಲ್ ಕವರ್, ಕೆಳಗೆ ಆಕ್ಸಲ್ ಹತ್ರ, ಸ್ಟೆಪ್ನಿ ಇರೋ ಜಾಗ, ಟಾರ್ಚ್ ಹಾಕಿ ಬಗ್ಗಿ ನೋಡಿ. ಕಾರಿನ ಮೇಲಿನ ರೂಫ್ ಬಾಕ್ಸ್ ಮರೀಬೇಡಿ. ಸೈಕಲ್‌ಗೆ ಕವರ್ ಹಾಕೋದನ್ನೇ ವಾಪಸ್ ಬರುವಾಗ ಬಿಡಿ, ಸೈಕಲ್ ಸ್ವಲ್ಪ ನೆನೆದ್ರೂ ಪರ್ವಾಗಿಲ್ಲ. ಲಾಕರ್‌ಗಳಿಗೆ ಒಂದು ಎಕ್ಸ್‌ಟ್ರಾ ಬೀಗ ಹಾಕಿಸಿ, ಬಾಗಿಲ ಸಂದಿಗೆ ಅಡ್ಡವಾಗಿ ಒಂದು ತುಂಡು ಟೇಪ್ ಅಂಟಿಸಿ, ಯಾರಾದ್ರೂ ತೆಗೆದಿದ್ರೆ ತಕ್ಷಣ ಗೊತ್ತಾಗತ್ತೆ. ಕ್ಯಾಲೆ ಪೋರ್ಟ್ ಕ್ಯೂ ಸೇರೋ ಮುಂಚೆ ಮತ್ತು ಬ್ರಿಟಿಷ್ ಬಾರ್ಡರ್ ಬೂತ್‌ಗೆ ಹೋಗೋ ಮುಂಚೆ ಇನ್ನೊಂದು ಸಲ ಒಂದು ಸುತ್ತು ಬನ್ನಿ. ಪ್ರತಿ ಸಲ ಫೋನ್‌ನಲ್ಲಿ ನಾಲ್ಕು ಫೋಟೊ ತೆಗೀರಿ, ಟೈಮ್ ತಾನಾಗೇ ದಾಖಲಾಗತ್ತೆ, ಕೊನೇ ಸ್ಟಾಪ್ ಎಲ್ಲಿ, ಯಾರು ಚೆಕ್ ಮಾಡಿದ್ರು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಅಕಸ್ಮಾತ್ ಏನಾದ್ರೂ ಆಗಿ ದಂಡದ ಮಾತು ಬಂದ್ರೆ ಮೊತ್ತ ತೀರ್ಮಾನ ಮಾಡುವಾಗ ನೀವು ಏನೇನು ಜಾಗ್ರತೆ ತಗೊಂಡ್ರಿ ಅನ್ನೋದು ಲೆಕ್ಕಕ್ಕೆ ಬರತ್ತೆ. ಕ್ಯಾಲೆಯಲ್ಲಿ ಬ್ರಿಟನ್ನಿನ ಬಾರ್ಡರ್ ಫೋರ್ಸ್‌ನವರು ನಾಯಿ ಬಿಡ್ತಾರೆ, ಲಾರಿಗಳಲ್ಲಿ ಎದೆಬಡಿತದ ಕಂಪನ ಹಿಡಿಯೋ ಸೆನ್ಸರ್ ಕೂಡ ಬಳಸ್ತಾರೆ, ಆದ್ರೆ ಅವರು ನೋಡ್ತಾರಲ್ಲ ಅಂತ ನೀವು ಬಿಡೋ ಹಾಗಿಲ್ಲ. ಎಸೆಕ್ಸ್ ದಂಪತಿಯ ಗಾಡಿನೂ ಆ ಚೆಕ್ ಎಲ್ಲ ದಾಟಿಯೇ ಮನೆವರೆಗೆ ಬಂದಿದ್ದು.

ಯಾರಾದ್ರೂ ಕಂಡ್ರೆ ಏನು ಮಾಡ್ಬೇಕು? ಎಳೆದು ಹೊರಗೆ ಹಾಕೋಕೆ ಹೋಗ್ಬೇಡಿ, ಕಿರುಚಾಡಬೇಡಿ. ಮಕ್ಕಳನ್ನ, ಅತ್ತೆಯವರನ್ನ ದೂರ ನಿಲ್ಲಿಸಿ, ಪೋರ್ಟ್ ಒಳಗಾದ್ರೆ ಹತ್ತಿರದ ಆಫೀಸರ್‌ಗೆ ಹೇಳಿ, ಫ್ರಾನ್ಸ್ ರಸ್ತೆಯಲ್ಲಾದ್ರೆ 112ಕ್ಕೆ, ಬ್ರಿಟನ್ ತಲುಪಿದ ಮೇಲಾದ್ರೆ 999ಕ್ಕೆ ಫೋನ್ ಮಾಡಿ. ಆ ಜಾಗದಲ್ಲಿ ಕೂತಿರೋ ಮನುಷ್ಯನೂ ಅಪಾಯದಲ್ಲಿರ್ತಾನೆ ಅನ್ನೋದನ್ನ ದಯವಿಟ್ಟು ನೆನಪಿಡಿ. 2019ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಝೀಬ್ರುಗ್ಗೆಯಿಂದ ಫೆರಿಯಲ್ಲಿ ಬಂದ ಒಂದು ಟ್ರೇಲರ್ ಒಳಗೆ 39 ಜನ ವಿಯೆಟ್ನಾಮಿನವರು ಉಸಿರುಕಟ್ಟಿ ಸತ್ತಿದ್ರು, ಅದ್ರಲ್ಲಿ ಹದಿನೈದು ವರ್ಷದ ಹುಡುಗರೂ ಇದ್ರು. ಗ್ಯಾಸ್ ಲಾಕರ್‌ನಲ್ಲೋ ಆಕ್ಸಲ್ ಮೇಲೋ ಕೂತು ನೂರು ಕಿಲೋಮೀಟರ್ ಸ್ಪೀಡಲ್ಲಿ ಬರೋರ ಕಥೆನೂ ಹಾಗೇ ಆಗಬಹುದು. ನೀವು ಹೊರಡೋ ಮುಂಚೆ ಎರಡು ನಿಮಿಷ ಬಗ್ಗಿ ನೋಡಿದ್ರೆ ನಿಮ್ಮ ದುಡ್ಡಿಗಿಂತ ದೊಡ್ಡದೊಂದು ಉಳಿಯಬಹುದು.

ಇಷ್ಟೆಲ್ಲ ಮಾಡಿದ್ಮೇಲೂ ನೋಟಿಸ್ ಬಂದ್ರೆ ಆಕ್ಷೇಪಣೆ ಸಲ್ಲಿಸೋಕೆ 28 ದಿನ ಟೈಮ್ ಇರತ್ತೆ, ಫೋಟೊ, ಚೀಟಿ, ಪೆಟ್ರೋಲ್ ಬಿಲ್ ಎಲ್ಲ ಜೋಡಿಸಿ ಹಾಕಿ. ಅಲ್ಲೂ ಆಗ್ಲಿಲ್ಲ ಅಂದ್ರೆ ಕೌಂಟಿ ಕೋರ್ಟ್‌ಗೆ ಅಪೀಲ್ ಹೋಗಬಹುದು. ಗಾಡಿ ಓನರ್ ಒಬ್ಬರು, ಓಡಿಸಿದೋರು ಇನ್ನೊಬ್ಬರಾದ್ರೆ ಇಬ್ಬರಿಗೂ ಬೇರೆ ಬೇರೆ ನೋಟಿಸ್ ಬರಬಹುದು, ಇಬ್ಬರೂ ಉತ್ತರ ಕೊಡಬೇಕು.

ಮಕ್ಕಳು ಮತ್ತು ವಯಸ್ಸಾದವರು ಇರೋದ್ರಿಂದ ಪೋರ್ಟ್ಸ್‌ಮತ್‌ನಿಂದ ಫ್ರಾನ್ಸಿನ ಕಾಂ (Caen) ಊರಿನ ಕಡೆ ಹೋಗೋ ಫೆರಿನೂ ಒಂದು ಸಲ ನೋಡಿ. ಆರು ಗಂಟೆ ಹತ್ತಿರದ ಪ್ರಯಾಣ, ಕ್ಯಾಬಿನ್ ತಗೊಂಡು ಅತ್ತೆಯವರು ಮಲಗಬಹುದು, ದುಡ್ಡು ಜಾಸ್ತಿ ಆಗತ್ತೆ ನಿಜ. ಅಲ್ಲಿ ಫ್ರೆಂಚ್ ಪಾಸ್‌ಪೋರ್ಟ್ ಚೆಕ್ ಆಗೋದು ಆ ಕಡೆ ಇಳಿದ ಮೇಲೆ, ವಾಪಸ್ ಬರುವಾಗ ಬ್ರಿಟಿಷ್ ಚೆಕ್ ಪೋರ್ಟ್ಸ್‌ಮತ್‌ನಲ್ಲಿ. ಅಡಗಿ ಬರೋರ ಸಮಸ್ಯೆ ಅಲ್ಲಿಲ್ಲ ಅಂತಲ್ಲ, ಗಾಡಿ ಚೆಕ್ ಅಲ್ಲೂ ಇದೇ ಥರ ಮಾಡ್ಬೇಕು. ಯಾವ ರೂಟ್ ಆದ್ರೂ ಬುಕಿಂಗ್ ಮಾಡುವಾಗ ಕಾರು ಮತ್ತು ಕ್ಯಾರವಾನ್ ಒಟ್ಟು ಉದ್ದ ಹಿಚ್ (ಎರಡನ್ನೂ ಜೋಡಿಸೋ ಕೊಂಡಿ) ಸೇರಿಸಿ ಹಾಕಿ, ಹಿಂದೆ ಸೈಕಲ್ ರ‍್ಯಾಕ್ ಇದ್ರೆ ಅದನ್ನೂ ಸೇರಿಸಿ, ಎತ್ತರಕ್ಕೆ ರೂಫ್ ಬಾಕ್ಸ್ ಸೇರಿಸಿ ಅಳೀರಿ.